ಯುಕಟಾನ್ ಕಾಡಿನ ಸೆನೋಟೆಗಳು: ಮಾಯಾ ನಾಡಿನ ಬಾವಿಗಳಿಗೆ ಈಜಲು ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೆಕ್ಸಿಕೋದ ಯುಕಟಾನ್ ಪರ್ಯಾಯ ದ್ವೀಪಕ್ಕೆ ಪ್ರವಾಸ ಹೊರಡುವವರು, ಅದರಲ್ಲೂ ಅಮೆರಿಕದಲ್ಲಿ ಕೆಲಸದಲ್ಲಿದ್ದು ರಜೆಯಲ್ಲಿ ಕಾಂಕೂನ್ ಕಡೆಗೆ ಹೋಗುವ ಕನ್ನಡಿಗರು, ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ವಯ್ಯಾದೋಲಿದ್ ಪಟ್ಟಣ, ಹಳೆಯ ನಗರಗಳ ಅವಶೇಷಗಳಿರುವ ಚಿಚೆನ್ ಇಟ್ಸಾ ಮತ್ತು ಎಕ್ ಬಲಾಮ್ ಸುತ್ತಮುತ್ತಲಿನ ಸೆನೋಟೆಗಳಿಗೇ ಹೆಚ್ಚು ಗಮನ ಕೊಡಲಾಗಿದೆ, ಏಕೆಂದರೆ ಈಜು, ಕಾಡು ಮತ್ತು ಆ ನಾಡಿನ ಮೂಲನಿವಾಸಿಗಳಾದ ಮಾಯಾ ಜನರ ಇತಿಹಾಸ ಮೂರೂ ಒಂದೇ ದಿನದ ಓಡಾಟದಲ್ಲಿ ಸಿಗುವುದು ಅಲ್ಲಿಯೇ. ಸೆನೋಟೆಯನ್ನು ಈಜುಕೊಳವೆಂದುಕೊಂಡು ಹೋದವರಿಗೆ ಅಲ್ಲಿನ ಅರ್ಧ ನಿಯಮಗಳು ಕಿರಿಕಿರಿಯೆನಿಸುತ್ತವೆ; ಒಂದಿಡೀ ನಾಡು ನೀರು ಸೇದಿದ ಬಾವಿಯೆಂದು ತಿಳಿದು ಹೋದವರಿಗೆ ಅವುಗಳ ಕಾರಣವನ್ನು ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ.

ಸೆನೋಟೆ ಎಂದರೇನು? ಅದು ಹೇಗೆ ಉಂಟಾಯಿತು?

ನೆಲ ಕುಸಿದು, ಅದರಡಿಯ ಅಂತರ್ಜಲ ಬಯಲಿಗೆ ಬಂದ ಸ್ವಾಭಾವಿಕ ಕುಳಿಯೇ ಸೆನೋಟೆ. ಯುಕಟಾನಿನ ಉತ್ತರ ಭಾಗದ ನೆಲವೆಲ್ಲ ಸುಣ್ಣಕಲ್ಲು. ಬಿದ್ದ ಮಳೆ ಅಲ್ಲಿ ಹರಿಯುವುದಿಲ್ಲ, ಇಂಗುತ್ತದೆ. ಹೀಗಾಗಿ ಆ ಭಾಗದಲ್ಲಿ ಹೇಳಿಕೊಳ್ಳುವಂಥ ಒಂದು ನದಿಯೂ ನೆಲದ ಮೇಲಿಲ್ಲ. ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆನೀರು ತೆಳುವಾದ ಆಮ್ಲವಾಗಿ, ಲಕ್ಷಾಂತರ ವರ್ಷಗಳ ಕಾಲ ಸುಣ್ಣಕಲ್ಲನ್ನು ಕರಗಿಸುತ್ತ ನೆಲದೊಳಗೆ ಗುಹೆಗಳನ್ನೂ ಸುರಂಗಗಳನ್ನೂ ಕೊರೆದಿದೆ. ಹಿಮಯುಗದಲ್ಲಿ ಸಮುದ್ರದ ಮಟ್ಟ ಇಂದಿಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದ್ದುದರಿಂದ ಈ ಗುಹೆಗಳಲ್ಲಿ ಬಹುಪಾಲು ಆಗ ಒಣಗಿದ್ದವು. ಇಂದು ನೀರಿನಲ್ಲಿ ಮುಳುಗಿರುವ ಸುರಂಗಗಳ ಚಾವಣಿಯಿಂದ ಸುಣ್ಣದ ಇಳಿಗಲ್ಲುಗಳು ತೂಗಾಡುವುದೇ ಇದಕ್ಕೆ ಸಾಕ್ಷಿ, ಏಕೆಂದರೆ ಅಂಥ ಕಲ್ಲುಗಳು ಹನಿ ತೊಟ್ಟಿಕ್ಕುವ ಒಣ ಗುಹೆಯಲ್ಲಿ ಮಾತ್ರ ಬೆಳೆಯಬಲ್ಲವು. ಮಂಜು ಕರಗಿ ಸಮುದ್ರ ಏರಿದಾಗ ಅಂತರ್ಜಲವೂ ಏರಿತು, ಗುಹೆಗಳು ತುಂಬಿಕೊಂಡವು, ಚಾವಣಿ ತೆಳುವಾಗಿದ್ದ ಕಡೆಗಳಲ್ಲಿ ಕುಸಿಯಿತು.

ಚಾವಣಿ ಪೂರ್ತಿ ಕುಸಿದಿದ್ದರೆ ತೆರೆದ ಸೆನೋಟೆ, ಅರ್ಧ ಉಳಿದಿದ್ದರೆ ಅರೆತೆರೆದ ಸೆನೋಟೆ, ಒಂದು ಕಿಂಡಿಯಷ್ಟೇ ಬಿದ್ದಿದ್ದರೆ ಗುಹೆಯ ಸೆನೋಟೆ. ನೋಡಲು ಮೂರೂ ಬೇರೆ ಬೇರೆ. ಒಂದನ್ನು ನೋಡಿ ಎಲ್ಲವನ್ನೂ ನೋಡಿದೆವೆಂದು ತಿರುಗಿ ಬರಬೇಡಿ.

ಡೈನೋಸಾರ್‌ಗಳನ್ನು ಅಳಿಸಿದ ಆಕಾಶಕಾಯಕ್ಕೂ ಸೆನೋಟೆಗಳಿಗೂ ಸಂಬಂಧವಿದೆಯೇ?

ಇದೆ, ಆದರೆ ಪ್ರವಾಸಿ ಮಾರ್ಗದರ್ಶಿಗಳು ಹೇಳುವಷ್ಟು ನೇರವಾಗಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಂದಿನ ಚಿಕ್ಸುಲೂಬ್ ಊರಿನ ಬಳಿ ಕ್ಷುದ್ರಗ್ರಹವೊಂದು ಅಪ್ಪಳಿಸಿ ಸುಮಾರು 180 ಕಿ.ಮೀ. ಅಗಲದ ಕುಳಿಯನ್ನು ಮಾಡಿತು. ಆ ಕುಳಿ ಈಗ ಸುಣ್ಣಕಲ್ಲಿನ ಪದರಗಳಡಿ ಹೂತುಹೋಗಿದೆ. 1970ರ ದಶಕದ ಕೊನೆಯಲ್ಲಿ ತೈಲ ಹುಡುಕುತ್ತಿದ್ದ ಭೂಭೌತ ವಿಜ್ಞಾನಿಗಳ ಕಣ್ಣಿಗೆ ಅದು ಬಿತ್ತು. ಅದರ ಅಂಚಿನಲ್ಲಿ ಬಂಡೆಗಳು ಬಿರುಕುಬಿಟ್ಟಿದ್ದರಿಂದ ನೀರು ಅಲ್ಲಿ ಹೆಚ್ಚು ಹರಿದು, ಹೆಚ್ಚು ಕಲ್ಲು ಕರಗಿ, ಮೆರಿಡಾ ನಗರದ ಸುತ್ತ ಸೆನೋಟೆಗಳ ಒಂದು ಅರ್ಧವೃತ್ತವೇ ಏರ್ಪಟ್ಟಿದೆ. ಆದರೆ ವಯ್ಯಾದೋಲಿದ್ ಮತ್ತು ಪೂರ್ವ ಕರಾವಳಿಯ ತುಲುಮ್ ಸುತ್ತಲಿನ ಸೆನೋಟೆಗಳು ಆ ಅರ್ಧವೃತ್ತದ ಹೊರಗಿವೆ. ಅಲ್ಲಿ ನಿಂತು ಉಲ್ಕೆಯ ಕಥೆ ಹೇಳುವ ಮಾರ್ಗದರ್ಶಿಗೆ ತಲೆಯಾಡಿಸಿ ಮುಂದೆ ಹೋಗಬಹುದು.

ಮಾಯಾ ಜನರಿಗೆ ಸೆನೋಟೆ ಏಕೆ ಅಷ್ಟು ಮುಖ್ಯವಾಗಿತ್ತು?

ಮೊದಲ ಕಾರಣ ಬಾಯಾರಿಕೆ. ನದಿಯಿಲ್ಲದ ನಾಡಿನಲ್ಲಿ ಊರು ಕಟ್ಟಬೇಕಾದರೆ ಒಂದೋ ಮಳೆನೀರನ್ನು ನೆಲಮಾಳಿಗೆಯ ತೊಟ್ಟಿಗಳಲ್ಲಿ ಹಿಡಿದಿಡಬೇಕು, ಇಲ್ಲವೇ ಸೆನೋಟೆಯ ಬಳಿ ನೆಲೆಸಬೇಕು. ಚಿಚೆನ್ ಇಟ್ಸಾ ಎಂಬ ಹೆಸರಿನಲ್ಲಿಯೇ ಇಟ್ಸಾ ಜನರ ಬಾವಿಯ ಬಾಯಿ ಸೇರಿಕೊಂಡಿದೆ. ಆ ನಗರದಲ್ಲಿ ಇಷ್‌ತೊಲೊಕ್ ಎಂಬ ಸೆನೋಟೆಯ ನೀರು ದಿನಬಳಕೆಗಿತ್ತು. ಉತ್ತರಕ್ಕಿರುವ ಇನ್ನೊಂದು ಪೂಜೆಗೆ ಮೀಸಲಾಗಿತ್ತು. ದೊಡ್ಡ ಪಿರಮಿಡ್ಡಿನ ಅಡಿಯಲ್ಲಿಯೂ ನೀರು ತುಂಬಿದ ಪೊಳ್ಳು ಇರಬಹುದೆಂದು 2015ರಲ್ಲಿ ಮೆಕ್ಸಿಕೋದ ಸಂಶೋಧಕರು ನೆಲದ ವಿದ್ಯುತ್ ರೋಧವನ್ನು ಅಳೆದು ಹೇಳಿದರು.

ಎರಡನೆಯ ಕಾರಣ ಮಳೆ. ಮಳೆಯ ದೇವರಾದ ಚಾಕ್ ಗುಹೆಗಳಲ್ಲಿಯೂ ಸೆನೋಟೆಗಳಲ್ಲಿಯೂ ನೆಲೆಸಿರುತ್ತಾನೆಂಬುದು ನಂಬಿಕೆ. ನೆಲದಡಿಯ ಲೋಕ ಸತ್ತವರ ನಾಡೂ ಹೌದು, ಮೆಕ್ಕೆಜೋಳ ಮೊಳೆಯುವ ಮೂಲವೂ ಹೌದು. ಆ ಲೋಕಕ್ಕೆ ಸೆನೋಟೆಯೇ ಬಾಗಿಲು. ಈ ನಂಬಿಕೆ ಸ್ಪ್ಯಾನಿಷರ ಆಳ್ವಿಕೆಯಲ್ಲಿಯೂ ಅಳಿಯಲಿಲ್ಲ. 1847ರಲ್ಲಿ ಮಾಯಾ ರೈತರು ದಂಗೆಯೆದ್ದು, ಸೋಲಿನ ಅಂಚಿನಲ್ಲಿದ್ದಾಗ, 1850ರಲ್ಲಿ ಪೂರ್ವದ ಕಾಡಿನ ಸೆನೋಟೆಯೊಂದರ ಬಳಿ ಮಾತನಾಡುವ ಶಿಲುಬೆ ಪ್ರತ್ಯಕ್ಷವಾಯಿತೆಂಬ ಸುದ್ದಿ ಅವರನ್ನು ಮತ್ತೆ ಒಗ್ಗೂಡಿಸಿತು. ಅಲ್ಲಿ ಬೆಳೆದ ಊರೇ ಇಂದಿನ ಫೆಲಿಪೆ ಕರ್ರೀಯೊ ಪುಯೆರ್ತೊ. ಶಿಲುಬೆ ಕ್ರೈಸ್ತರದ್ದು, ಅದು ಕಾಣಿಸಿಕೊಂಡ ಜಾಗ ಮಾತ್ರ ಹಳೆಯದೇ.

ಕನ್ಯೆಯರನ್ನು ಸೆನೋಟೆಗೆ ಬಲಿ ಕೊಡುತ್ತಿದ್ದರೆಂಬುದು ನಿಜವೇ?

ಬಲಿ ನಿಜ, ಕನ್ಯೆಯರು ಮಾತ್ರ ಎಂಬುದು ಕಟ್ಟುಕಥೆ. ಚಿಚೆನ್ ಇಟ್ಸಾದ ಪವಿತ್ರ ಸೆನೋಟೆ ಸುಮಾರು 60 ಮೀಟರ್ ಅಗಲವಿದ್ದು, ಕಡಿದಾದ ಬಂಡೆಯ ಗೋಡೆ ಇಪ್ಪತ್ತು ಮೀಟರಿಗೂ ಹೆಚ್ಚು ಇಳಿದು ಹಸಿರು ನೀರನ್ನು ಮುಟ್ಟುತ್ತದೆ. ಬರಗಾಲದಲ್ಲಿ ಇಲ್ಲಿಗೆ ಜೀವಂತ ಮನುಷ್ಯರನ್ನು ಎಸೆಯುತ್ತಿದ್ದರೆಂದು ಹದಿನಾರನೆಯ ಶತಮಾನದಲ್ಲಿ ಬರೆದಿಟ್ಟವನು ಡಿಯೆಗೊ ಡಿ ಲಾಂಡಾ. 1562ರಲ್ಲಿ ಮಾನಿ ಎಂಬ ಊರಿನಲ್ಲಿ ಮಾಯಾ ಹೊತ್ತಗೆಗಳನ್ನು ರಾಶಿ ಹಾಕಿ ಸುಡಿಸಿದ ಪಾದ್ರಿಯೂ ಇವನೇ. ಇವನ ಮಾತನ್ನು ಹಾಗೆಯೇ ಒಪ್ಪುವಂತಿಲ್ಲ, ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ.

ಆ ಮಾತನ್ನು ನಂಬಿ ನೀರಿಗಿಳಿದವನು ಎಡ್ವರ್ಡ್ ಥಾಂಪ್ಸನ್. ಅಮೆರಿಕದ ಕಾನ್ಸುಲ್ ಆಗಿದ್ದ ಈತ 1894ರಲ್ಲಿ ಅವಶೇಷಗಳ ಸಮೇತ ಅಲ್ಲಿನ ಹಳೆಯ ಎಸ್ಟೇಟನ್ನೇ ಕೊಂಡುಕೊಂಡು, 1904ರಿಂದ ಕೆಲವು ವರ್ಷ ಉಕ್ಕಿನ ಬಕೆಟ್ಟಿನಿಂದ ತಳದ ಕೆಸರನ್ನು ಎತ್ತಿಸಿದ, ಮುಳುಗುಗಾರನ ಉಡುಪು ತೊಟ್ಟು ತಾನೂ ಇಳಿದ. ಸಿಕ್ಕಿದ್ದನ್ನೆಲ್ಲ ಹಾರ್ವರ್ಡಿನ ಪೀಬಾಡಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದ. ಅದರಲ್ಲಿ ಒಂದು ಪಾಲು ಮಾತ್ರ 1970ರ ದಶಕದಲ್ಲಿ ಮೆಕ್ಸಿಕೋಗೆ ಹಿಂದಿರುಗಿತು. ಕೆಸರಿನಲ್ಲಿ ಸಿಕ್ಕಿದ್ದು ಹಸಿರು ಜೇಡ್ ಕಲ್ಲಿನ ಕೆತ್ತನೆ, ಚಿನ್ನದ ತಗಡು, ತಾಮ್ರದ ಗೆಜ್ಜೆ, ಬಟ್ಟೆಯ ಚೂರು, ಕೋಪಾಲ್ ಧೂಪದ ಉಂಡೆ, ಜೊತೆಗೆ ಗಂಡಸರ, ಹೆಂಗಸರ ಮತ್ತು ಅನೇಕ ಮಕ್ಕಳ ಮೂಳೆಗಳು. ಯುಕಟಾನಿನಲ್ಲಿ ಚಿನ್ನವೂ ಇಲ್ಲ, ಜೇಡ್ ಕಲ್ಲೂ ಇಲ್ಲ. ಒಂದು ಇಂದಿನ ಪನಾಮಾ, ಕೋಸ್ಟರಿಕಾ ಕಡೆಯಿಂದ, ಇನ್ನೊಂದು ಗ್ವಾಟೆಮಾಲಾದಿಂದ ಬರಬೇಕು. ಅಷ್ಟು ದೂರದಿಂದ ತಂದದ್ದನ್ನು ಅನೇಕ ವೇಳೆ ಬೇಕೆಂದೇ ಮುರಿದು, ಸುಟ್ಟು ನೀರಿಗೆ ಹಾಕಿದ್ದಾರೆ.

ತಳದಲ್ಲಿ ಸುಮಾರು ನಾಲ್ಕು ಮೀಟರಿಗೂ ದಪ್ಪನೆಯ ನೀಲಿ ಹೂಳಿನ ಪದರವಿತ್ತು. ಹರಕೆಯ ವಸ್ತುಗಳಿಗೆ ಬಳಿದಿದ್ದ ಮಾಯಾ ನೀಲಿ ಬಣ್ಣ ನೀರಿನಲ್ಲಿ ಬಿಟ್ಟುಕೊಂಡು ಕೆಳಗಿಳಿದದ್ದು ಅದು. ನಮ್ಮ ನೀಲಿ ಗಿಡದ ಕುಲಕ್ಕೇ ಸೇರಿದ ಅಲ್ಲಿನ ಗಿಡದ ಬಣ್ಣವನ್ನು ಪ್ಯಾಲಿಗೋರ್‌ಸ್ಕೈಟ್ ಎಂಬ ಬಿಳಿ ಜೇಡಿಯೊಡನೆ ಬಿಸಿ ಮಾಡಿದರೆ ಬಿಸಿಲಿಗೂ ಆಮ್ಲಕ್ಕೂ ಜಗ್ಗದ ನೀಲಿ ಸಿಗುತ್ತದೆ. ಸೆನೋಟೆಯಿಂದ ಎತ್ತಿದ ಮೂರು ಕಾಲಿನ ಬಟ್ಟಲೊಂದರಲ್ಲಿ ಉಳಿದಿದ್ದ ಕೋಪಾಲ್ ಮುದ್ದೆಯನ್ನು ಪರೀಕ್ಷಿಸಿದ ಸಂಶೋಧಕರು ಅದರಲ್ಲಿ ಈ ನೀಲಿಯ ಅಂಶಗಳನ್ನು ಕಂಡು, ಬಣ್ಣವನ್ನು ಧೂಪದ ಬೆಂಕಿಯಲ್ಲಿ, ಪೂಜೆಯ ಭಾಗವಾಗಿಯೇ ತಯಾರಿಸುತ್ತಿದ್ದಿರಬೇಕೆಂದು 2008ರಲ್ಲಿ ವಾದಿಸಿದರು.

ಬಲಿಯ ವಿಷಯಕ್ಕೆ 2024ರಲ್ಲಿ ಇನ್ನೊಂದು ತಿರುವು ಸಿಕ್ಕಿತು. ಪವಿತ್ರ ಸೆನೋಟೆಯ ಹತ್ತಿರದ ನೆಲಮಾಳಿಗೆಯ ತೊಟ್ಟಿಯೊಂದರಲ್ಲಿ 1967ರಲ್ಲಿ ಮಕ್ಕಳ ಮೂಳೆಗಳು ಸಿಕ್ಕಿದ್ದವು. ಅವುಗಳಲ್ಲಿ 64 ಮಕ್ಕಳ ಡಿಎನ್‌ಎ ಪರೀಕ್ಷಿಸಿದಾಗ ಎಲ್ಲರೂ ಗಂಡುಮಕ್ಕಳೆಂದು ತಿಳಿಯಿತು. ಹಲವರು ಹತ್ತಿರದ ಸಂಬಂಧಿಗಳು, ಎರಡು ಜೋಡಿ ಅವಳಿಗಳೂ ಇದ್ದರು.

ಹಾಗಾದರೆ ಪವಿತ್ರ ಸೆನೋಟೆಯಲ್ಲಿ ಈಜಬಹುದೇ? ಇಲ್ಲದಿದ್ದರೆ ಎಲ್ಲಿ ಈಜಬೇಕು?

ಪವಿತ್ರ ಸೆನೋಟೆಯಲ್ಲಿ ಈಜುವಂತಿಲ್ಲ; ಅಂಚಿನಲ್ಲಿ ನಿಂತು ನೋಡಬಹುದು, ಅಷ್ಟೇ. ಪಿರಮಿಡ್ಡಿನ ಬಯಲಿನಿಂದ ಸುಮಾರು 300 ಮೀಟರ್ ಉದ್ದದ ಹಳೆಯ ಕಲ್ಲುಹಾದಿಯಲ್ಲಿ ನಡೆದು ಅಲ್ಲಿಗೆ ಹೋಗಬೇಕು. ಹಾದಿಯ ಎರಡೂ ಕಡೆ ಅಂಗಡಿಗಳ ಸಾಲು, ಚಿರತೆಯಂತೆ ಗುರುಗುಟ್ಟುವ ಪೀಪಿಗಳ ಸದ್ದು. ಆದರೂ ಬಾವಿಯ ಅಂಚಿನಲ್ಲಿರುವ ಹಳೆಯ ಕಟ್ಟಡದ ಪಕ್ಕ ಸ್ವಲ್ಪ ಹೊತ್ತು ನಿಲ್ಲಿ.

ಈಜಲು ಎಲ್ಲಕ್ಕಿಂತ ಹತ್ತಿರದ್ದು ಇಕ್ ಕಿಲ್, ಅವಶೇಷಗಳಿಂದ ಕೆಲವೇ ಕಿ.ಮೀ. ದೂರ. ನೆಲದಿಂದ 26 ಮೀಟರ್ ಕೆಳಗೆ ನೀರು, ಅಲ್ಲಿಯವರೆಗೆ ಬಂಡೆಯಲ್ಲಿ ಕೊರೆದ ಮೆಟ್ಟಿಲು, ಮೇಲಿನ ಅಂಚಿನಿಂದ ನೀರಿನವರೆಗೂ ಇಳಿಬಿದ್ದ ಬೇರುಗಳು. ಚೆಲುವಿನಲ್ಲಿ ಇದನ್ನು ಮೀರಿಸುವುದು ಕಷ್ಟ. ಮಧ್ಯಾಹ್ನ ಕಾಂಕೂನಿನ ಬಸ್ಸುಗಳು ಬಂದು ನಿಂತ ಮೇಲಿನ ಗದ್ದಲದಲ್ಲಿಯೂ ಇದನ್ನು ಮೀರಿಸುವುದು ಕಷ್ಟ. ವಯ್ಯಾದೋಲಿದ್ ಪಟ್ಟಣದ ನಡುವೆಯೇ ಸಸೀ ಎಂಬ ದೊಡ್ಡ ಅರೆತೆರೆದ ಸೆನೋಟೆಯಿದೆ. ಪಟ್ಟಣದ ಹೊರಗೆ ಡ್ಸಿಟ್ನುಪ್ ಗ್ರಾಮದಲ್ಲಿ ಇಷ್‌ಕೆಕೆನ್ ಮತ್ತು ಸಮುಲಾ ಎಂಬ ಎರಡು ಗುಹೆಯ ಸೆನೋಟೆಗಳು ಅಕ್ಕಪಕ್ಕದಲ್ಲಿವೆ. ಸಮುಲಾದ ಚಾವಣಿಯ ಕಿಂಡಿಯಿಂದ ಮರವೊಂದರ ಬೇರುಗಳು ಹಗ್ಗದಂತೆ ಇಳಿದು ನೀರನ್ನು ಹುಡುಕುತ್ತವೆ. ಸುಯ್‌ತುನ್ ಎಂಬಲ್ಲಿ ನೀರಿನ ನಡುವೆ ಕಲ್ಲಿನ ಜಗಲಿ, ಅದರ ಮೇಲೆ ಬೀಳುವ ಬೆಳಕಿನ ಕಂಬ. ಜಗಲಿಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಲು ಸರದಿ ಕಾಯುವ ತಾಳ್ಮೆಯಿದ್ದವರು ಮಾತ್ರ ಹೋಗಬೇಕಾದ ಜಾಗ ಅದು.

ಕಾಡು, ಇತಿಹಾಸ, ಈಜು ಮೂರೂ ಬೇಕೆಂದರೆ ನನ್ನ ಆಯ್ಕೆ ಎಕ್ ಬಲಾಮ್. ವಯ್ಯಾದೋಲಿದ್‌ನಿಂದ ಉತ್ತರಕ್ಕೆ ಮೂವತ್ತು ಕಿ.ಮೀ. ಒಳಗಿನ ದಾರಿ. 770ರಲ್ಲಿ ಪಟ್ಟಕ್ಕೆ ಬಂದ ಉಕಿತ್ ಕನ್ ಲೆಕ್ ತೋಕ್ ಎಂಬ ಅರಸನ ಸಮಾಧಿ ಅಲ್ಲಿನ ಎತ್ತರದ ಕಟ್ಟಡದ ಮೈಯಲ್ಲಿಯೇ ಇದೆ. ಸಮಾಧಿಯ ಬಾಗಿಲು ಗಾರೆಯಲ್ಲಿ ಮಾಡಿದ ರಕ್ಕಸ ಬಾಯಿ, ಹೊಸ್ತಿಲಿನಲ್ಲಿ ಸಾಲು ಹಲ್ಲುಗಳು, ಮೇಲೆ ರೆಕ್ಕೆ ಹೊತ್ತ ಮನುಷ್ಯರು. ಸಾವಿರದಿನ್ನೂರು ವರ್ಷಗಳ ಹಿಂದಿನ ಗಾರೆ ಇಷ್ಟು ನುಣುಪಾಗಿ ಉಳಿದಿರುವುದಕ್ಕೆ ಮಾಯಾ ಜನರೇ ಅದನ್ನು ಕಲ್ಲುಮಣ್ಣಿನಿಂದ ಮುಚ್ಚಿಟ್ಟದ್ದು ಕಾರಣ. ಅಲ್ಲಿಂದ ಒಂದೂವರೆ ಕಿ.ಮೀ.ಯಷ್ಟು ಕಾಡುಹಾದಿಯಲ್ಲಿ ನಡೆದರೆ, ಅಥವಾ ಬಾಡಿಗೆ ಸೈಕಲ್ಲಿನಲ್ಲಿ ಹೋದರೆ, ಇಷ್‌ಕಾಂಚೆ ಸೆನೋಟೆ ಸಿಗುತ್ತದೆ. ಊರಿನ ಜನರೇ ನಡೆಸುವ ಜಾಗ. ಮರದ ಮೆಟ್ಟಿಲಿನಲ್ಲಿ ಇಳಿದು ನೀರಿಗೆ ಹೋಗಬೇಕು.

ಯಾವ ಕಾಲದಲ್ಲಿ, ಯಾವ ಹೊತ್ತಿನಲ್ಲಿ ಹೋಗಬೇಕು?

ನವೆಂಬರಿನಿಂದ ಏಪ್ರಿಲ್‌ವರೆಗೆ ಒಣಹವೆ, ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ. ಚಂಡಮಾರುತಗಳ ಕಾಲ ಜೂನ್‌ನಿಂದ ನವೆಂಬರ್‌ವರೆಗೆ. ನೀರಿನ ಉಷ್ಣಾಂಶ ಮಾತ್ರ ವರ್ಷವಿಡೀ ಸುಮಾರು 24ರಿಂದ 26 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಇರುತ್ತದೆ. ಏಪ್ರಿಲ್, ಮೇ ತಿಂಗಳ ಉರಿಬಿಸಿಲಿನಲ್ಲಿ ಅದು ಅಮೃತ, ಜನವರಿಯ ಬೆಳಗಿನಲ್ಲಿ ಹಲ್ಲು ಕಡಿಯುವಂತೆ ಮಾಡುತ್ತದೆ. ಬಾಗಿಲು ತೆರೆದ ಕೂಡಲೇ ಹೋದರೆ ಜನ ಕಡಿಮೆ. ಆದರೆ ಗುಹೆಯ ಸೆನೋಟೆಗಳಲ್ಲಿ ಕಿಂಡಿಯಿಂದ ಬೆಳಕು ನೇರವಾಗಿ ನೀರಿಗೆ ಬೀಳುವುದು ನಡುಹಗಲಿನ ಆಸುಪಾಸಿನಲ್ಲಿ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಹಗಲು ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ದಿನಗಳಲ್ಲಿ ಪಿರಮಿಡ್ಡಿನ ಮೆಟ್ಟಿಲಿನ ಮೇಲೆ ಹಾವಿನಂತೆ ಹರಿಯುವ ನೆರಳನ್ನು ನೋಡಲು ಚಿಚೆನ್ ಇಟ್ಸಾಕ್ಕೆ ಜನಸಾಗರವೇ ಬರುವುದರಿಂದ, ಈಜುವುದೇ ಉದ್ದೇಶವಾದವರು ಆ ವಾರವನ್ನು ತಪ್ಪಿಸುವುದು ಮೇಲು.

ಗಡಿಯಾರದ ಒಂದು ತೊಡಕು ಗಮನದಲ್ಲಿರಲಿ. ಕಾಂಕೂನ್ ಇರುವ ಕಿಂಟಾನಾ ರೋ ರಾಜ್ಯದ ಸಮಯ, ಚಿಚೆನ್ ಇಟ್ಸಾ ಇರುವ ಯುಕಟಾನ್ ರಾಜ್ಯದ ಸಮಯಕ್ಕಿಂತ ಒಂದು ಗಂಟೆ ಮುಂದಿದೆ. ಹೋಗುವಾಗ ಒಂದು ಗಂಟೆ ಉಳಿಯುತ್ತದೆ, ಹಿಂದಿರುಗುವಾಗ ವಿಮಾನ ಹಿಡಿಯಬೇಕಾದವರಿಗೆ ಅದೇ ಒಂದು ಗಂಟೆ ಕಳೆದುಹೋಗುತ್ತದೆ.

ಅಲ್ಲಿಗೆ ತಲುಪುವುದು ಹೇಗೆ?

ಕಾಂಕೂನಿನಿಂದ ವಯ್ಯಾದೋಲಿದ್‌ಗೆ ಸುಮಾರು 160 ಕಿ.ಮೀ., ಅಲ್ಲಿಂದ ಚಿಚೆನ್ ಇಟ್ಸಾಕ್ಕೆ ಇನ್ನು ನಲವತ್ತಕ್ಕೂ ಹೆಚ್ಚು. ಬಸ್ಸುಗಳಿವೆ, ಪಟ್ಟಣದಿಂದ ಹಳ್ಳಿಗಳ ಕಡೆಗೆ ಕೊಲೆಕ್ಟಿವೋ ಎಂಬ ವ್ಯಾನುಗಳು ಜನ ತುಂಬಿದ ಮೇಲೆ ಹೊರಡುತ್ತವೆ. 2023ರ ಡಿಸೆಂಬರ್‌ನಲ್ಲಿ ಓಡಾಟ ಆರಂಭಿಸಿದ ಮಾಯಾ ರೈಲಿಗೆ ವಯ್ಯಾದೋಲಿದ್ ಮತ್ತು ಚಿಚೆನ್ ಇಟ್ಸಾ ಎರಡೂ ಕಡೆ ನಿಲ್ದಾಣವಿದೆ. ಒಂದು ರಾತ್ರಿ ವಯ್ಯಾದೋಲಿದ್‌ನಲ್ಲಿ ತಂಗುವುದು ಒಳ್ಳೆಯದು. ಕಾಂಕೂನಿನಿಂದ ಒಂದೇ ದಿನದಲ್ಲಿ ಹೋಗಿ ಬರುವ ಬಸ್ ಪ್ರವಾಸದಲ್ಲಿ ನೀರಿನಲ್ಲಿ ಕಳೆಯುವ ಹೊತ್ತಿಗಿಂತ ಸೀಟಿನಲ್ಲಿ ಕಳೆಯುವ ಹೊತ್ತೇ ಹೆಚ್ಚು. ಹಳ್ಳಿಗಳ ಸೆನೋಟೆಗಳಲ್ಲಿ ಕಾರ್ಡ್ ನಡೆಯದಿರಬಹುದು. ಪೆಸೊ ನೋಟುಗಳು ಕೈಯಲ್ಲಿರಲಿ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಬೇಕೇ?

ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಅಥವಾ ಕಾಯಂ ವಾಸದ ಪತ್ರ ಇದ್ದವರು ಪ್ರವಾಸಕ್ಕಾಗಿ ಮೆಕ್ಸಿಕೋದ ಪ್ರತ್ಯೇಕ ವೀಸಾ ಇಲ್ಲದೆ ಹೋಗಬಹುದು. ನಿಯಮಗಳು ಬದಲಾಗುವುದರಿಂದ ಟಿಕೆಟ್ ಮಾಡಿಸುವ ಮುನ್ನ ಮೆಕ್ಸಿಕೋ ರಾಯಭಾರ ಕಚೇರಿಯ ಮಾಹಿತಿಯನ್ನು ನೋಡಬೇಕು. ಅಮೆರಿಕದಲ್ಲಿರುವವರು, ವಾಪಸು ಒಳಗೆ ಬರಲು ತಮ್ಮ ಕಾಗದಪತ್ರಗಳು ಸರಿಯಾಗಿವೆಯೇ ಎಂಬುದನ್ನು ಅದಕ್ಕಿಂತ ಮೊದಲು ನೋಡಿಕೊಳ್ಳಬೇಕು.

ಈಜು ಬಾರದವರು ನೀರಿಗಿಳಿಯಬಹುದೇ?

ಲೈಫ್ ಜಾಕೆಟ್ ಹಾಕಿಕೊಂಡು ಇಳಿಯಬಹುದು. ಅನೇಕ ಕಡೆ ಈಜು ಬಲ್ಲವರಿಗೂ ಅದು ಕಡ್ಡಾಯ, ಬಾಡಿಗೆಗೆ ಅಥವಾ ಟಿಕೆಟ್ಟಿನ ಜೊತೆಗೇ ಸಿಗುತ್ತದೆ. ಎರಡು ವಿಷಯಗಳನ್ನು ತಿಳಿದಿರಬೇಕು. ಸೆನೋಟೆಗೆ ಕೆರೆಯಂತೆ ಇಳಿಜಾರು ದಡವಿರುವುದಿಲ್ಲ. ಕೊನೆಯ ಮೆಟ್ಟಿಲು ದಾಟಿದರೆ ಕಾಲಡಿ ಹತ್ತಾರು ಮೀಟರ್ ಆಳವಿರಬಹುದು, ಇಕ್ ಕಿಲ್‌ನಲ್ಲಿ ಅದು 40 ಮೀಟರಿಗೂ ಹೆಚ್ಚು. ಇನ್ನೊಂದು, ಸಿಹಿನೀರು ಸಮುದ್ರದ ನೀರಿನಷ್ಟು ದೇಹವನ್ನು ತೇಲಿಸುವುದಿಲ್ಲ. ಹಿಂದಿನ ದಿನ ಕಾಂಕೂನಿನ ಕಡಲಿನಲ್ಲಿ ಸಲೀಸಾಗಿ ತೇಲಿದವರು ಇಲ್ಲಿಯೂ ಹಾಗೆಯೇ ಎಂದುಕೊಂಡು ಜಾಕೆಟ್ ಬಿಚ್ಚಬಾರದು. ನೀರಿಗೆ ಅಡ್ಡಲಾಗಿ ಹಗ್ಗ ಕಟ್ಟಿರುತ್ತಾರೆ, ಹಿಡಿದುಕೊಂಡು ದಣಿವಾರಿಸಿಕೊಳ್ಳಬಹುದು. ಮೇಲಿನಿಂದ ಧುಮುಕಲು ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲಿಂದಲೂ ಹಾರಬೇಡಿ. ಚಾವಣಿಯಿಂದ ಕುಸಿದ ಬಂಡೆಗಳ ರಾಶಿ ನೀರಿನೊಳಗೇ ಇರುತ್ತದೆ. ಮಂಡಿನೋವಿರುವ ಹಿರಿಯರು ಜೊತೆಗಿದ್ದರೆ, ಇಳಿದಷ್ಟೇ ಒದ್ದೆ ಮೆಟ್ಟಿಲುಗಳನ್ನು ಹತ್ತಲೂ ಬೇಕೆಂಬುದನ್ನು ಮೇಲೆ ನಿಂತಾಗಲೇ ಲೆಕ್ಕ ಹಾಕಿ.

ಸನ್‌ಸ್ಕ್ರೀನ್ ಏಕೆ ಬೇಡವೆನ್ನುತ್ತಾರೆ? ತಲೆಗೆ ಎಣ್ಣೆ ಹಚ್ಚಿಕೊಂಡಿದ್ದರೆ?

ಅದೂ ಬೇಡ. ನೀರಿಗಿಳಿಯುವ ಮುನ್ನ ಷವರಿನಡಿ ನಿಂತು ಮೈ ತೊಳೆದುಕೊಳ್ಳುವುದು ಬಹುತೇಕ ಎಲ್ಲ ಸೆನೋಟೆಗಳಲ್ಲಿಯೂ ಕಡ್ಡಾಯ. ಸನ್‌ಸ್ಕ್ರೀನ್, ಸೊಳ್ಳೆಗೆ ಹಚ್ಚುವ ಮುಲಾಮು, ಸುಗಂಧ, ಮೇಕಪ್, ಬೆಳಗ್ಗೆ ಹಚ್ಚಿ ಬಾಚಿದ ಕೊಬ್ಬರಿ ಎಣ್ಣೆ ಎಲ್ಲವೂ ನೀರಿನ ಮೇಲೆ ಬಣ್ಣಬಣ್ಣದ ಪೊರೆಯಾಗಿ ತೇಲುತ್ತವೆ. ಮುಚ್ಚಿದ ಗುಹೆಯಲ್ಲಿ ಗಾಳಿ ಅಲೆಗಳಿಲ್ಲದ ಕಾರಣ ಆ ಪೊರೆ ಬೇಗ ಚದುರುವುದಿಲ್ಲ, ಅಲ್ಲಿನ ಸಣ್ಣ ಜೀವಿಗಳು ಅದರಲ್ಲಿಯೇ ಬದುಕಬೇಕಾಗುತ್ತದೆ. ಪರಿಸರಸ್ನೇಹಿ ಎಂದು ಬರೆದಿರುವ ಸನ್‌ಸ್ಕ್ರೀನ್ ಕೂಡ ಹೆಚ್ಚಿನ ಕಡೆ ನಡೆಯುವುದಿಲ್ಲ, ನಡೆಯಬಾರದು ಕೂಡ. ಸೆನೋಟೆಯ ಒಳಗೆ ಬಿಸಿಲೇ ಕಡಿಮೆ. ನಡೆಯುವ ದಾರಿಗೆ ತುಂಬುತೋಳಿನ ಅಂಗಿ, ಟೋಪಿ ಸಾಕು.

ಎಂಥ ಬಟ್ಟೆ ಹಾಕಿಕೊಳ್ಳಬೇಕು?

ಈಜುಡುಗೆ ಅನುಕೂಲ. ಮೈತುಂಬ ಬಟ್ಟೆ ಬೇಕೆನ್ನುವವರು ನೈಲಾನ್ ಅಥವಾ ಲೈಕ್ರಾದ ಬಿಗಿಯಾದ ಉದ್ದ ಉಡುಪು ಹಾಕಿಕೊಳ್ಳಬಹುದು. ಹತ್ತಿಯ ಚೂಡಿದಾರ, ಜೀನ್ಸ್ ನೀರು ಹೀರಿ ಭಾರವಾಗಿ ಕೆಳಕ್ಕೆ ಎಳೆಯುತ್ತವೆ. ದುಪಟ್ಟಾ ಖಂಡಿತ ಬೇಡ. ಕಾಲುಂಗುರ, ಉಂಗುರ, ಸಡಿಲವಾದ ಬಳೆಗಳನ್ನು ಲಾಕರಿನಲ್ಲಿ ಬಿಡಿ. 40 ಮೀಟರ್ ಆಳಕ್ಕೆ ಬಿದ್ದದ್ದನ್ನು ಯಾರೂ ತಂದುಕೊಡಲಾರರು.

ನೀರಿನಲ್ಲಿ ಹಾವು, ಮೊಸಳೆ ಇರುತ್ತವೆಯೇ?

ವಯ್ಯಾದೋಲಿದ್ ಸುತ್ತಲಿನ ಈಜುವ ಸೆನೋಟೆಗಳಲ್ಲಿ ಮೊಸಳೆಯ ಹೆದರಿಕೆಯಿಲ್ಲ. ಕರಾವಳಿಯ ಜೌಗು ಮತ್ತು ಸರೋವರಗಳಿಗೆ ಸೇರಿಕೊಂಡ ತೆರೆದ ಜಾಗಗಳಲ್ಲಿ ಮಾತ್ರ ಫಲಕಗಳನ್ನು ಓದಿ ಮುಂದುವರಿಯಬೇಕು. ಸಾಮಾನ್ಯವಾಗಿ ಕಾಣುವುದು ಕಪ್ಪು ಮೀಸೆಯ ಸಣ್ಣ ಮೀನುಗಳು. ಅಲ್ಲಾಡದೆ ನಿಂತರೆ ಕಾಲಿನ ಚರ್ಮಕ್ಕೆ ಬಾಯಿಹಾಕಿ ಕಚಗುಳಿಯಿಡುತ್ತವೆ. ಒಳಗಿನ ಕತ್ತಲ ಸುರಂಗಗಳಲ್ಲಿ ಕಣ್ಣನ್ನೇ ಕಳೆದುಕೊಂಡು ಬಿಳಿಚಿಕೊಂಡ ಕುರುಡು ಮೀನುಗಳಿವೆ, ಆದರೆ ಅವು ಈಜುಗರ ಕಣ್ಣಿಗೆ ಬೀಳುವುದು ಅಪರೂಪ.

ತಲೆಯೆತ್ತಿ ನೋಡಲು ಮರೆಯಬೇಡಿ. ಬಂಡೆಯ ಗೋಡೆಯ ಪೊಟರೆಗಳಲ್ಲಿ ತೋಹ್ ಎಂಬ ಹಕ್ಕಿ ಗೂಡು ಮಾಡುತ್ತದೆ. ಹೊಳೆವ ನೀಲಿಹಸಿರು ಮೈ. ಬಾಲದ ಎರಡು ಗರಿಗಳ ನಡುಭಾಗ ಬೋಳಾಗಿ, ತುದಿಯಲ್ಲಿ ಮಾತ್ರ ಪುಟ್ಟ ಗುಂಡು ಬಿಲ್ಲೆಯಂತೆ ಗರಿ ಉಳಿದಿರುತ್ತದೆ. ಕುಳಿತಲ್ಲಿಯೇ ಆ ಬಾಲವನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಿರುತ್ತದೆ. ಕಾಡಿನಲ್ಲಿ ತೋಹ್ ಕಂಡರೆ ಹತ್ತಿರದಲ್ಲೆಲ್ಲೋ ನೀರಿದೆಯೆಂದು ಹಳ್ಳಿಗರು ಹೇಳುತ್ತಾರೆ.

ಸ್ಕೂಬಾ ಮಾಡಬಹುದೇ? ನೀರಿನಡಿ ಏನಿದೆ?

ಮಾಡಬಹುದು, ಆದರೆ ಅದಕ್ಕೆ ತುಲುಮ್ ಕಡೆಗೆ ಹೋಗುವುದು ರೂಢಿ. ಅಲ್ಲಿನ ಸಾಕ್ ಆಕ್ತುನ್ ಎಂಬ ಮುಳುಗಿದ ಗುಹಾಜಾಲ ಪಕ್ಕದ ದೋಸ್ ಓಹೋಸ್ ಜಾಲಕ್ಕೆ ಕೂಡಿಕೊಂಡಿದೆಯೆಂದು 2018ರಲ್ಲಿ ಮುಳುಗುಗಾರರು ಕಂಡುಹಿಡಿದಾಗ ಒಟ್ಟು ಉದ್ದ ಸುಮಾರು 347 ಕಿ.ಮೀ. ಆಯಿತು. ಸಾಮಾನ್ಯ ಸ್ಕೂಬಾ ತರಬೇತಿ ಇದ್ದವರು ಮಾರ್ಗದರ್ಶಿಯ ಜೊತೆಗೆ, ಹಗಲಿನ ಬೆಳಕು ಕಾಣುವಷ್ಟು ದೂರ ಮಾತ್ರ ಹೋಗಬೇಕು. ಅದರಾಚೆಗೆ ಸಾವಿನ ಚಿತ್ರವಿರುವ ಎಚ್ಚರಿಕೆಯ ಫಲಕವನ್ನು ನೀರಿನೊಳಗೇ ನೆಟ್ಟಿರುತ್ತಾರೆ. ಅದು ಅಲಂಕಾರಕ್ಕಲ್ಲ: ಗುಹೆ ಮುಳುಗಿನ ಪ್ರತ್ಯೇಕ ತರಬೇತಿಯಿಲ್ಲದೆ ಮುಂದೆ ಹೋದವರು ಜೀವ ಕಳೆದುಕೊಂಡಿದ್ದಾರೆ.

ಮಳೆಯ ಸಿಹಿನೀರು ಹಗುರ, ಕಡಲಿನಿಂದ ನೆಲದಡಿ ನುಗ್ಗಿಬಂದ ಉಪ್ಪುನೀರು ಭಾರ. ಎರಡೂ ಬೆರೆಯದೆ ಒಂದರ ಮೇಲೊಂದು ನಿಂತಿರುತ್ತವೆ. ಆ ಗಡಿಯನ್ನು ದಾಟುವಾಗ, ನೀರಿಗೆ ಬೆಲ್ಲದ ಪಾಕ ಸುರಿದ ಕ್ಷಣದಲ್ಲಿ ಪಾತ್ರೆಯೊಳಗೆ ಕಾಣುವಂಥ ಅಲೆಅಲೆಯಾದ ಮಸುಕು ಕಣ್ಣಮುಂದೆ ಹಾದು, ಮುಂದಿನ ಮುಳುಗುಗಾರನ ಕಾಲೇ ಕಲಸಿಹೋದಂತೆ ತೋರುತ್ತದೆ. ಅಂಖೆಲೀತಾ ಎಂಬ ಸೆನೋಟೆಯಲ್ಲಿ ಸುಮಾರು 30 ಮೀಟರ್ ಆಳದಲ್ಲಿ ಹೈಡ್ರೋಜನ್ ಸಲ್ಫೈಡಿನ ಬಿಳಿ ಮೋಡವೇ ನಿಂತಿದೆ.

ಮಾಯಾ ನಾಗರಿಕತೆಗೂ ಮುಂಚಿನ ಮನುಷ್ಯರ ಗುರುತು ಸಿಕ್ಕಿರುವುದೂ ಇಲ್ಲಿಯೇ. ಓಯೊ ನೆಗ್ರೊ ಎಂಬ ಮುಳುಗಿದ ಕಂದರದಲ್ಲಿ 2007ರಲ್ಲಿ ಹದಿಹರೆಯದ ಹುಡುಗಿಯೊಬ್ಬಳ ಅಸ್ಥಿಪಂಜರ ಸಿಕ್ಕಿತು. ನಾಯಿಯಾ ಎಂದು ಹೆಸರಿಡಲಾದ ಆಕೆ ಹನ್ನೆರಡು ಸಾವಿರ ವರ್ಷಗಳಿಗೂ ಹಿಂದೆ, ಗುಹೆ ಇನ್ನೂ ಒಣಗಿದ್ದಾಗ, ಬಹುಶಃ ನೀರು ಹುಡುಕಿಕೊಂಡು ಒಳಗೆ ಹೋಗಿ ಕತ್ತಲಲ್ಲಿ ಬಿದ್ದಿರಬೇಕು. ಅವಳ ಜೊತೆಯಲ್ಲಿಯೇ ಕತ್ತಿಹಲ್ಲಿನ ಬೆಕ್ಕಿನ, ಆನೆಯ ದೂರದ ಬಳಗದ ಪ್ರಾಣಿಯ ಮೂಳೆಗಳೂ ಇದ್ದವು.

ಮಾಯಾ ಜನರು ಈಗಲೂ ಇದ್ದಾರೆಯೇ? ಸೆನೋಟೆಗಳಲ್ಲಿ ಪೂಜೆ ನಡೆಯುತ್ತದೆಯೇ?

ಟಿಕೆಟ್ ಕೊಡುವವರು, ಜಾಕೆಟ್ ಹಂಚುವವರು, ಅಡುಗೆ ಮಾಡಿ ಬಡಿಸುವವರು ಬಹುಪಾಲು ಅವರೇ. ಯುಕಟಾನಿನ ಮಾಯಾ ಭಾಷೆಯನ್ನು ಏಳೆಂಟು ಲಕ್ಷ ಜನ ಇಂದಿಗೂ ಆಡುತ್ತಾರೆ. ಅನೇಕ ಸೆನೋಟೆಗಳು ಎಹಿದೋ ಎಂಬ ಊರೊಟ್ಟಿನ ಭೂಮಿಯಲ್ಲಿದ್ದು, ಟಿಕೆಟ್ಟಿನ ಹಣ ಆ ಊರಿಗೇ ಹೋಗುತ್ತದೆ. ನಿಗೂಢವಾಗಿ ಮಾಯವಾದ ಜನಾಂಗವೆಂಬ ಮಾತನ್ನು ಅವರೆದುರು ಆಡದಿರುವುದು ಒಳ್ಳೆಯದು.

ಮಳೆ ತಡವಾದಾಗ ಹಳ್ಳಿಗಳಲ್ಲಿ ಚಾ ಚಾಕ್ ಎಂಬ ಮಳೆ ಕರೆಯುವ ಪೂಜೆ ಈಗಲೂ ನಡೆಯುತ್ತದೆ. ಹ್‌ಮೆನ್ ಎನ್ನುವ ಪೂಜಾರಿ ಎಳೆ ಕೊಂಬೆಗಳನ್ನು ಬಾಗಿಸಿ ಕಟ್ಟಿದ ಚಪ್ಪರದಡಿ ಮೆಕ್ಕೆಜೋಳದ ರೊಟ್ಟಿ, ಜೇನು ಬೆರೆಸಿದ ಬಾಲ್ಚೆ ಪಾನೀಯವನ್ನಿಟ್ಟು ದಿಕ್ಕುದಿಕ್ಕಿನ ಚಾಕ್‌ಗಳನ್ನು ಕರೆಯುತ್ತಾನೆ. ಪೂಜೆಗೆ ಬಳಸುವ ನೀರು ಯಾರೂ ಮುಟ್ಟದ ಗುಹೆಯಿಂದಲೋ ಸೆನೋಟೆಯಿಂದಲೋ ಬರಬೇಕು. ಪೂಜೆಯ ಮೇಜಿನ ನಾಲ್ಕು ಕಾಲುಗಳ ಬಳಿ ಹುಡುಗರು ಕುಕ್ಕರಗಾಲಿನಲ್ಲಿ ಕುಳಿತು ಕಪ್ಪೆಗಳಂತೆ ವಟಗುಟ್ಟುತ್ತಾರೆ. ಪ್ರವಾಸಿಗರಿಗಾಗಿ ಕೆಲವು ಕಡೆ ಕೋಪಾಲ್ ಹೊಗೆ ಹಾಕಿ ಹರಸುವ ಕಿರುಪೂಜೆಯಿದೆ. ಅದರಲ್ಲಿ ವ್ಯಾಪಾರ ಎಷ್ಟು, ಭಕ್ತಿ ಎಷ್ಟು ಎಂಬುದನ್ನು ತೂಗುವ ಗೋಜಿಗೆ ಹೋಗದೆ, ಫೋನನ್ನು ಒಳಗಿಟ್ಟು ನಿಂತರೆ ಸಾಕು.

ಸೆನೋಟೆಯ ನೀರು ಇಷ್ಟು ತಿಳಿಯಾಗಿದೆಯಲ್ಲ, ಕುಡಿಯಬಹುದೇ?

ಕುಡಿಯಬಾರದು. ತಿಳಿಯಾಗಿರುವುದಕ್ಕೂ ಶುದ್ಧವಾಗಿರುವುದಕ್ಕೂ ಇಲ್ಲಿ ಸಂಬಂಧವಿಲ್ಲ. ಮಣ್ಣು ತೆಳು, ಕಲ್ಲೆಲ್ಲ ತೂತು. ಮೇಲೆ ಸುರಿದ ಕೊಳೆ ಸೋಸದೆಯೇ ಕೆಳಗಿಳಿದು, ನೆಲದಡಿಯ ಹರಿವಿನಲ್ಲಿ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಊರುಗಳ ಶೌಚಗುಂಡಿಗಳು, ಹೋಟೆಲುಗಳು, ಹಂದಿ ಸಾಕಣೆಯ ದೊಡ್ಡ ಕೇಂದ್ರಗಳು ಎಲ್ಲವೂ ಇದೇ ನೀರಿನ ಮೇಲೆ ಕುಳಿತಿವೆ. ಸೆನೋಟೆಗಳಿಗೆ ಹೆಸರಾದ ಹೋಮುನ್ ಎಂಬ ಊರಿನಲ್ಲಿ 49,000 ಹಂದಿಗಳ ಕೇಂದ್ರವೊಂದು ಬಂದಾಗ, ಊರಿನ ಮಾಯಾ ಮಕ್ಕಳ ಹೆಸರಿನಲ್ಲಿ ದಾವೆ ಹೂಡಲಾಗಿ 2018ರಲ್ಲಿ ನ್ಯಾಯಾಲಯ ಅದರ ಕೆಲಸಕ್ಕೆ ತಡೆ ಕೊಟ್ಟಿತು. ಮಾಯಾ ರೈಲಿನ ಮೇಲಿನ ದೂರೂ ಇದೇ ಬಗೆಯದು: ಪ್ಲಾಯಾ ದೆಲ್ ಕಾರ್ಮೆನ್ ಮತ್ತು ತುಲುಮ್ ನಡುವೆ ಹಳಿಯನ್ನು ಹೊರಲು ನೆಟ್ಟ ಉಕ್ಕಿನ ಕಂಬಗಳು ನೆಲದಡಿಯ ಗುಹೆಗಳ ಚಾವಣಿಯನ್ನು ತೂರಿ ಒಳಗಿಳಿದಿವೆ. ರೈಲಿನಲ್ಲಿ ಹೋಗಬೇಕೋ ಬಸ್ಸಿನಲ್ಲಿ ಹೋಗಬೇಕೋ ಎಂಬುದು ನಿಮಗೆ ಬಿಟ್ಟದ್ದು. ಕುಡಿಯುವ ನೀರನ್ನಂತೂ ಬಾಟಲಿಯಲ್ಲಿ ಒಯ್ಯಿರಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಕೇಳಿ ತಿಂದರೆ ಸಿಗುತ್ತದೆ. ಮೆಕ್ಕೆಜೋಳದ ರೊಟ್ಟಿಯಾದ ತೋರ್ತಿಯಾ, ಕಪ್ಪು ಹುರುಳಿಕಾಯಿ ಬೀಜದ ಗಟ್ಟಿ ಸಾರು, ಬೆಣ್ಣೆಹಣ್ಣು, ಆಬನೆರೊ ಮೆಣಸಿನ ಚಟ್ನಿ ಎಲ್ಲೆಡೆ ಇವೆ. ಆದರೆ ಬೀಜದ ಸಾರಿಗೆ ಹಂದಿಯ ಕೊಬ್ಬು ಹಾಕುವುದು ಅಲ್ಲಿ ಸಾಮಾನ್ಯ, ಆದ್ದರಿಂದ "ಸಿನ್ ಮಾಂತೇಕಾ" ಎಂದು ಹೇಳಿ ಕೇಳಬೇಕು. ಕುಂಬಳಬೀಜದ ಗೊಜ್ಜಿನಲ್ಲಿ ಅದ್ದಿದ ಪಾಪಾಡ್ಸೂಲೆಸ್ ನೋಡಲು ಸಸ್ಯಾಹಾರವೇ, ಒಳಗೆ ಮಾತ್ರ ಬೇಯಿಸಿದ ಮೊಟ್ಟೆ. ಆಬನೆರೊ ನಮ್ಮ ಗುಂಟೂರು ಮೆಣಸಿಗಿಂತ ಬಹಳ ಖಾರ. ಖಾರ ತಿಂದು ಬೆಳೆದ ಧೈರ್ಯವನ್ನು ಮೊದಲು ಚಮಚದ ತುದಿಯಲ್ಲಿ ಪರೀಕ್ಷಿಸಿಕೊಳ್ಳಿ.

ನೀರಿನಲ್ಲಿ ಅಥವಾ ಗುಹೆಯಲ್ಲಿ ಹಳೆಯ ಮಡಕೆಯ ಚೂರು, ಮೂಳೆ ಕಂಡರೆ ಏನು ಮಾಡಬೇಕು?

ಮುಟ್ಟಬಾರದು, ಎತ್ತಬಾರದು, ತಿರುಗಿಸಿ ನೋಡಲೂಬಾರದು. ಇದು ತೀರ ಅಪರೂಪವೇನಲ್ಲ, ಮುಖ್ಯವಾಗಿ ಹಳ್ಳಿಗಳ ಹೊರಗಿನ ಸಣ್ಣ ಗುಹೆಗಳಲ್ಲಿ. 1972ರ ಕಾನೂನಿನ ಪ್ರಕಾರ ಮೆಕ್ಸಿಕೋದ ಪ್ರಾಚೀನ ವಸ್ತುಗಳೆಲ್ಲ ರಾಷ್ಟ್ರದ ಆಸ್ತಿ; ಅನುಮತಿಯಿಲ್ಲದೆ ಒಂದು ಚೂರನ್ನು ಚೀಲಕ್ಕೆ ಹಾಕಿಕೊಂಡರೂ ಅಪರಾಧ. ಚೂರು ಬಿದ್ದಿರುವ ಜಾಗ, ಅದರ ಪಕ್ಕದಲ್ಲಿರುವ ಇದ್ದಿಲು, ಅದು ಮಗುಚಿರುವ ಬಗೆ, ಇವೆಲ್ಲ ಸೇರಿದರೆ ಮಾತ್ರ ಪುರಾತತ್ತ್ವಜ್ಞರು ಅಲ್ಲಿ ಏನು ನಡೆಯಿತೆಂದು ಹೇಳಬಲ್ಲರು. ಥಾಂಪ್ಸನ್ನನ ಬಕೆಟ್ಟು ಪವಿತ್ರ ಸೆನೋಟೆಯಲ್ಲಿ ಕಲಕಿಹಾಕಿದ್ದೂ ಅದನ್ನೇ. ಜಾಗದ ಗುರುತು ಇಟ್ಟುಕೊಂಡು ಸೆನೋಟೆ ನೋಡಿಕೊಳ್ಳುವವರಿಗೆ ತಿಳಿಸಿ. ಅವರು ರಾಷ್ಟ್ರೀಯ ಮಾನವಶಾಸ್ತ್ರ ಮತ್ತು ಇತಿಹಾಸ ಸಂಸ್ಥೆಗೆ ಸುದ್ದಿ ಮುಟ್ಟಿಸುತ್ತಾರೆ. ಫೋಟೋ ತೆಗೆದಿದ್ದರೆ ಅದನ್ನು ಅವರಿಗೆ ಕೊಡಿ, ಜಾಗದ ಹೆಸರಿನೊಡನೆ ಸಾಮಾಜಿಕ ಜಾಲತಾಣಕ್ಕೆ ಹಾಕಬೇಡಿ. ಕದಿಯುವವರೂ ಅಲ್ಲಿ ನೋಡುತ್ತಿರುತ್ತಾರೆ.